ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ

ದೇವುವಿನ ಕೈ ನಡುಗುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಪಂದ್ಯ ಹೂಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೊಬ್ಬ ಸಭ್ಯ ಮುದುಕನೆಂದುಕೊಂಡು ಯಾರೂ ಮುಂದೆ ಓದುವುದು ಬೇಡ.

ನಲವತ್ತು ವರ್ಷದ ಹಿಂದೆ ನಾವಿಬ್ಬರೂ ಒಂದೇ ವಾರಪತ್ರಿಕೆಗೆ ಸಾಹಸದ ಧಾರಾವಾಹಿ ಬರೆದವರು. ಹಂಗಾರಕಟ್ಟೆಯ ದೇವುವಿನ ನಾಯಕ ದೋಣಿ ಕಟ್ಟುವ ಬಚ್ಚ. ನಾನು ಬಿಜೂರಿನವ, ನನ್ನ ನಾಯಕ ವಜ್ರಸೇನ. ಎರಡೂ ಪುಸ್ತಕವಾಗಿ ಬಂದು, ಗೆದ್ದಲು ತಿಂದು, ಊರಿಗೆ ಮರೆತೂ ಹೋಗಿದ್ದವು. ಈಗ ಬ್ರಹ್ಮಾವರದ ಓದುಗರ ಬಳಗ ಹಳೆಯ ಕಾದಂಬರಿಯೊಂದನ್ನು ಮತ್ತೆ ಅಚ್ಚು ಮಾಡುತ್ತದಂತೆ. ಒಂದನ್ನು ಮಾತ್ರ. ನನಗೆ ಎಪ್ಪತ್ತೆರಡು, ಅವನಿಗೆ ಎಪ್ಪತ್ತನಾಲ್ಕು. ಇನ್ನೊಮ್ಮೆ ನಮ್ಮನ್ನು ಯಾರೂ ಕೇಳುವುದಿಲ್ಲ.

ಬಳಗದ ಅಧ್ಯಕ್ಷೆ ಶರ್ಮಿಳಾ ಭಾನುವಾರ ಇಬ್ಬರನ್ನೂ ಮನೆಗೆ ಕರೆಸಿದಳು. ದೇವುವಿನ ಜೊತೆ ಅವನ ಹೆಂಡತಿ ಜಲಜ ಬಂದಿದ್ದಳು. ಬಳಗದ ಎಳೆಯರಿಗೆ ಕಥೆ ಗಿಥೆ ಬೇಡ, ಯಾವ ನಾಯಕ ಹೆಚ್ಚು ವೇಗ ಅನ್ನುವುದಷ್ಟೇ ಬೇಕು. ಬಚ್ಚನೋ ವಜ್ರಸೇನನೋ ಎಂದು ಒಂದು ಗಂಟೆ ಕಿತ್ತಾಡಿದರು.

"ಜಗಳ ಎಂತಕ್ಕೆ?" ಎಂದೆ ನಾನು. "ಇಬ್ರೂ ಹತ್ತ್ ಹತ್ತ್ ಜನ್ರನ್ನ್ ಹೊಡ್ದ್ ಹಾಕ್ತ್ರ್. ಎಷ್ಟೊತ್ತಲ್ಲಿ ಅಂತ ಪುಸ್ತಕದಲ್ ಬರ್ದಿತ್ತಲ್ದಾ, ಅದನ್ನೇ ಮಾಡಿ ಕಾಂಬ. ಯಾರ್ ಬೇಗವೋ ಅವ್ನ್ ಪುಸ್ತಕ ಅಚ್ಚಾಯ್ಲಿ."

ಎಲ್ಲರಿಗೂ ಹಿಡಿಸಿತು. ದೇವುವಿನ ಪುಸ್ತಕವನ್ನು ಶರ್ಮಿಳಾ ಓದಿದಳು: 'ಎಲೆಗೆ ಸುಣ್ಣ ಹಚ್ಚಿ ಅಡಿಕೆಯಿಟ್ಟು ಮಡಚುವಷ್ಟರಲ್ಲಿ ಹತ್ತು ಮಂದಿ ಮಣ್ಣು ಮುಕ್ಕಿದ್ದರು.' ನನ್ನ ಪುಸ್ತಕದ ಉಳಿದ ಒಂದೇ ಪ್ರತಿ ನನ್ನ ಕೈಯಲ್ಲಿತ್ತು. ನಾನೇ ಎದ್ದು ನಿಂತು ಓದಿದೆ: 'ತಾಯಿ ಸಾಸಿವೆ ಸಿಡಿಸುವಷ್ಟರಲ್ಲಿ ಹತ್ತು ಮಂದಿ ಅಂಗಾತ ಬಿದ್ದಿದ್ದರು.'

ಅಡುಗೆಮನೆಯಲ್ಲಿ ಅವಲಕ್ಕಿಯ ಒಗ್ಗರಣೆಗೆ ಎಣ್ಣೆ ಆಗಲೇ ಕಾದಿತ್ತು. ಶರ್ಮಿಳಾ ಸಾಸಿವೆ ಹಾಕಿದಳು. ಮೊಬೈಲು ನಾಲ್ಕು ಸೆಕೆಂಡು ತೋರಿಸಿತು.

ಆಮೇಲೆ ದೇವುವಿನ ಮುಂದೆ ಎಲೆ ಅಡಿಕೆಯ ತಟ್ಟೆ ಇಟ್ಟರು. ಜಲಜ ತಟ್ಟೆ ಎಳೆದುಕೊಂಡಳು. "ಇವ್ರ್ ಕೈಲಿ ಆತಿಲ್ಲ. ನಾ ಮಡಚಿ ಕೊಡ್ತೆ."

"ಬರ್ದದ್ದ್ ಅವ, ಮಡಚುದೂ ಅವನೇ ಆಯ್ಕ್," ಎಂದು ನಾನು ತಟ್ಟೆಯನ್ನು ಅವನ ಕಡೆಗೆ ತಳ್ಳಿದೆ.

ದೇವು ಎಲೆ ಎತ್ತಿಕೊಂಡ. ಎಲೆ ಅಲುಗಿತು, ಬೆರಳು ಅಲುಗಿತು, ಸುಣ್ಣ ಪಂಚೆಯ ಮೇಲೆ ಬಿತ್ತು. ಮತ್ತೆ ತೆಗೆದ, ಮತ್ತೆ ಬಿತ್ತು. ಅಡಿಕೆ ಉರುಳಿ ಕುರ್ಚಿಯ ಕೆಳಗೆ ಹೋಯಿತು. ಅವನೇ ಬಗ್ಗಿ ಹುಡುಕಿದ. ಯಾರೋ ವಿಡಿಯೊ ಮಾಡುತ್ತಿದ್ದರು. ಜಲಜ ಗೋಡೆ ನೋಡುತ್ತ ಕೂತಳು. ನನಗೆ ಬಹಳ ಖುಷಿಯಾಗುತ್ತಿತ್ತು.

ನಾಲ್ಕು ನಿಮಿಷ ಹತ್ತು ಸೆಕೆಂಡು.

"ಹ್ವಾಯ್ ದೇವು, ಅಷ್ಟೊತ್ತಿಗೆ ಹತ್ತ್ ಜನವೂ ಮನಿಗ್ ಹೋಯಿ, ಉಂಡ್, ಮನಿಕಂಡ್ರ್," ಎಂದೆ. ಕೋಣೆಯೆಲ್ಲ ನಕ್ಕಿತು. ಶರ್ಮಿಳಾ ಕೂಡ ನಕ್ಕು, ನನ್ನ ಪುಸ್ತಕವೇ ಅಚ್ಚಾಗುವುದೆಂದು ಹೇಳಿದಳು.

ದೇವು ಎದ್ದು ಬಂದು, ಮಡಚಿದ ಆ ಎಲೆಯನ್ನು ನನ್ನತ್ತ ಚಾಚಿದ. ಎಲ್ಲರೆದುರು ಕೊಟ್ಟ ಎಲೆಯನ್ನು ಬೇಡವೆನ್ನುವಂತಿಲ್ಲ. ಬಾಯಿಗೆ ಹಾಕಿಕೊಂಡೆ. ಅಬ್ಬಾ, ಎಷ್ಟು ಸುಣ್ಣ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. ಹಳೆಯ ಸ್ನೇಹಿತರ ಪ್ರೀತಿ ಎಂದು ಜನ ಚಪ್ಪಾಳೆ ತಟ್ಟಿದರು. ಉಗುಳುವ ಹಾಗಿರಲಿಲ್ಲ, ನುಂಗುವ ಹಾಗೂ ಇರಲಿಲ್ಲ.

ಅವನು ನನ್ನ ಕಿವಿಗೆ ಬಗ್ಗಿದ.

"ನೂರ ಹನ್ನೆರಡನೇ ಪುಟ. 'ತಾಯಿ ಒಲೆ ಹೊತ್ತಿಸಿ ಸಾಸಿವೆ ಸಿಡಿಸುವಷ್ಟರಲ್ಲಿ' ಅಂತ ಇತ್ತಲ್ದಾ? ಸೌದಿ ಒಲೆ ಹೊತ್ತುಕೆ ಕಾಲ್ ಗಂಟಿ ಬೇಕ್ ಮಾರಾಯ. ಅಚ್ಚಿಗ್ ಕೊಡುವತಿಗೆ ಆ ಎರಡ್ ಶಬ್ದ ತೆಗಿ. ಇಲ್ದಿರೆ ನೀ ಸಿಕ್ಕಿ ಬೀಳ್ತೆ."

ಅಷ್ಟು ಹೇಳಿ, ಜಲಜಳ ಹೆಗಲು ಹಿಡಿದು ಮೆಟ್ಟಿಲಿಳಿದು ಹೋದ.

ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ನಲವತ್ತು ವರ್ಷದಲ್ಲಿ ನನ್ನ ಕಾದಂಬರಿಯನ್ನು ಪುಟದ ಸಂಖ್ಯೆ ಸಮೇತ ನೆನಪಿಟ್ಟುಕೊಂಡ ಓದುಗ ಒಬ್ಬನೇ ಒಬ್ಬ, ಅವನು ಇವನೇ ಆಗಬೇಕಿತ್ತೆ?

ವಾರದೊಳಗೆ ಕರಡು ತಿದ್ದಲು ಬಂತು. ನಾಲಿಗೆಯ ಹುಣ್ಣು ಇನ್ನೂ ಮಾಗಿರಲಿಲ್ಲ. ಎಲ್ಲಕ್ಕಿಂತ ಮೊದಲು ನೂರ ಹನ್ನೆರಡನೇ ಪುಟ ತೆರೆದು ಆ ಎರಡು ಶಬ್ದಗಳನ್ನು ಹೊಡೆದುಹಾಕಿದೆ.