ಹದಿನಾರು ಎಣಿಕೆ ಹೊರಗೆ

ಮುಂಬೈ ಹತ್ತಿರದ ಡೊಂಬಿವ್ಲಿ ಪೂರ್ವದ ನಮ್ಮ ಭಜನಾ ಮಂಡಳಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹಾರ್ಮೋನಿಯಂ ನನ್ನದೇ. ಲೋಕನಾಥ ಅಂದರೆ ಪೆಟ್ಟಿಗೆ, ಪೆಟ್ಟಿಗೆ ಅಂದರೆ ಲೋಕನಾಥ. ಇಂಥವನಿಗೆ ಐವತ್ತಾರನೇ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಬೇಕಿತ್ತು, ಅಷ್ಟೇ! ಹದಿನೆಂಟರಲ್ಲೇ ಬೇಕಿತ್ತು. ಆಗ ಯಾರೂ ಕೊಡಿಸಲಿಲ್ಲ, ಈಗ ನಾನೇ ಕೊಂಡೆ.

ಕಲಿಸುವವಳು ನಿಕಿತಾ, ಮಂಡಳಿಯಲ್ಲಿ ಮೊದಲು ದನಿ ಎತ್ತುವ ರತ್ನಾವತಿಯಕ್ಕನ ಮಗಳು. ಠಾಣೆಯಲ್ಲಿ ಕೆರೆಯ ಹತ್ತಿರ ಅವಳ ಕ್ಲಾಸು. ನಾನು ಎತ್ತಿ ಆಡಿಸಿದ ಹುಡುಗಿ ಈಗ ನನ್ನ ಬೆರಳಿಗೆ ಪೆನ್ಸಿಲ್ಲಿನಿಂದ ತಟ್ಟುತ್ತಾಳೆ. ತಟ್ಟಲಿ ಬಿಡಿ.

ಮೊದಲು ಬ್ಲೂಸ್ ಕಲಿಸಿದಳು. ಐದು ಸ್ವರ, ನಡುವೆ ನುಸುಳುವ ಇನ್ನೊಂದು. ತಂತಿಯನ್ನು ಬೆರಳಿನಿಂದ ತಳ್ಳಿದರೆ ಸ್ವರ ಅಳುತ್ತಾ ಮೇಲೇರುತ್ತದೆ. ಹಾರ್ಮೋನಿಯಂನಲ್ಲಿ ತಲೆಕೆಳಗಾಗಿ ನಿಂತರೂ ಅದು ಬರುವುದಿಲ್ಲ. ಮೊದಲ ಸಲ ಬಂದ ದಿನ ಲೋಕಲ್ ಟ್ರೈನಿನಲ್ಲಿ ಒಬ್ಬನೇ ನಗುತ್ತಾ ನಿಂತಿದ್ದೆ. ಪಕ್ಕದವನು ಜಾಗ ಬಿಟ್ಟು ಸರಿದ.

ಆಮೇಲೆ ಶುರುವಾಯಿತು ಫಜೀತಿ. "ಮಾಮಾ, ಅಬ್ ಔಟ್‌ಸೈಡ್," ಎಂದಳು ನಿಕಿತಾ. ಇನ್ನು ಶ್ರುತಿಯ ಹೊರಗೆ ಹೋಗಬೇಕಂತೆ. ಐದನೇ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಕತ್ತಿನ ಐದನೇ ಮನೆಯಲ್ಲಿ, ನುಡಿಸಿದ ಅದೇ ಬ್ಲೂಸ್ ತುಣುಕನ್ನು ಆರನೆಯದರಲ್ಲಿ ನುಡಿಸಬೇಕು. ಕೆಳಗೆ ಬೇಸ್ ಗಿಟಾರ್ ಮಾತ್ರ ಹಳೆಯ ಶ್ರುತಿ ಬಿಟ್ಟು ಅಲ್ಲಾಡುವುದಿಲ್ಲ. ನಾಲ್ಕು ಬಾರ್, ಅಂದರೆ ಹದಿನಾರು ಎಣಿಕೆ ಹಾಗೆ ಹೊರಗಿದ್ದು, ಹದಿನೇಳಕ್ಕೆ ಒಳಗೆ ಬರಬೇಕು. ಜಾಝ್ ರಾಕ್‌ನ ಗಮ್ಮತ್ತು ಇರುವುದೇ ಅಲ್ಲಂತೆ.

ನನಗೆ ಐದು ಎಣಿಕೆ ದಾಟುತ್ತಿರಲಿಲ್ಲ. ಬೆರಳು ತಾನಾಗಿ ಒಳಗೆ ಜಾರುತ್ತಿತ್ತು. ಭಜನೆಯಲ್ಲಿ ಹಾಡುವವರು ಶ್ರುತಿ ಬಿಟ್ಟರೆ ಪೆಟ್ಟಿಗೆಯವನು ಸರಿ ಸ್ವರವನ್ನು ಜೋರಾಗಿ ಒತ್ತಿ ಎಳೆದು ತರಬೇಕು, ಅದು ನಮ್ಮ ಪದ್ಧತಿ. ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಅದನ್ನೇ. ಒಂದು ದಿನ ರಿಹರ್ಸಲ್‌ನಲ್ಲಿ ನಿಕಿತಾ ತನ್ನ ಸೋಲೋದಲ್ಲಿ ಚೆನ್ನಾಗಿ ಹೊರಗೆ ಹೋಗಿದ್ದಾಳೆ, ನಾನು ಗಾಬರಿಯಾಗಿ ಷಡ್ಜ ಹಿಡಿದು ಟಣ್ ಟಣ್ ಎಂದು ಬಾರಿಸಿಯೇಬಿಟ್ಟೆ!

"ಮಾಮಾ! ಮೈ ಗಿರ್ ನಹೀ ರಹೀ ಥೀ!" ಎಂದು ಕಿರುಚಿದಳು. ತಾನೇನು ಬೀಳುತ್ತಿದ್ದೆನೇ ಎಂದು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಡಿಸೆಂಬರಿನಲ್ಲಿ ವಿದ್ಯಾರ್ಥಿಗಳ ಕಾರ್ಯಕ್ರಮ. ಒಂದು ಸೋಲೋ ನನಗೆ ಕೊಟ್ಟಿದ್ದಳು. ಹಿಂದಿನ ದಿನವೂ ನಾನು ಹತ್ತಕ್ಕೆ ಜಾರಿದೆ. ಆಗ ನಿಕಿತಾ ತನ್ನ ಇನ್ನೊಬ್ಬ ಶಿಷ್ಯ, ಉಲ್ಹಾಸನಗರದಲ್ಲಿ ಪರದೆ ಬಟ್ಟೆ ಮಾರುವ ಶೈಲೇಶನನ್ನು ಕರೆದು, "ನೀನೂ ಗಿಟಾರ್ ಹಾಕ್ಕೊಂಡು ನಿಲ್ಲು. ಮಾಮಾ ಜಾರಿದ್ರೆ ನಾನು ತಲೆ ಆಡಿಸ್ತೀನಿ, ನೀನು ಎತ್ಕೋ," ಎಂದಳು. ನನ್ನ ಎದುರೇ! ಆ ರಾತ್ರಿ ಊಟ ಸೇರಲಿಲ್ಲ. ಮೂವತ್ತೆಂಟು ವರ್ಷ ಕಾದದ್ದು ಆ ಪರದೆ ಬಟ್ಟೆಯ ಹುಡುಗನಿಗೆ ಬಿಟ್ಟುಕೊಡುವುದಕ್ಕೇ?

ಮರುದಿನ ಸಭಾಂಗಣದ ಮೊದಲ ಸಾಲಿನಲ್ಲಿ ಇಡೀ ಮಂಡಳಿ. ಹನ್ನೆರಡು ಜನ, ರೇಷ್ಮೆ ಸೀರೆ, ಮಲ್ಲಿಗೆ. ನನ್ನ ಸರದಿ ಬಂತು. ಬ್ಲೂಸ್ ತುಣುಕು ನಾಲ್ಕು ಸಲ ಚೆಂದವಾಗಿ ಬಂತು. ಉಸಿರು ಹಿಡಿದು ಆರನೇ ಫ್ರೆಟ್‌ಗೆ ಏರಿದೆ. ಒಂದು, ಎರಡು, ಮೂರು... ಏಳಕ್ಕೆ ಬೆರಳು ಒಳಗೆ ಜಾರಲು ಹೊರಟಿತು.

ಆಗ ಕೇಳಿಸಿತು: "ಸಾ..."

ರತ್ನಾವತಿಯಕ್ಕ! ಪಾಪ, ಲೋಕನಾಥ ಶ್ರುತಿ ತಪ್ಪಿದ ಎಂದು ಎಳೆದು ತರಲು ಹೊರಟಿದ್ದಳು. ಹಿಂದೆಯೇ ಉಳಿದ ಹನ್ನೊಂದು ಜನ ದನಿ ಕೂಡಿಸಿದರು. ಸಭಾಂಗಣ ತುಂಬ ಷಡ್ಜ. ನಿಕಿತಾ ನನ್ನನ್ನೇ ನೋಡುತ್ತಿದ್ದಳು, ಶೈಲೇಶನ ಕೈ ಆಗಲೇ ತಂತಿಯ ಮೇಲಿತ್ತು.

ನನಗೆ ಎಲ್ಲಿತ್ತೋ ಸಿಟ್ಟು. "ಎಳೀಬೇಡಿ ನನ್ನನ್ನು!" ಎಂದು ಗುಡುಗಿದೆ. ಮೈಕು ಅದನ್ನು ಹಿಂದಿನ ಸಾಲಿಗೂ ಮುಟ್ಟಿಸಿತು. ಹಾಡಿನಲ್ಲೇ ಇದೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮಂಡಳಿಯವರು ನಿಲ್ಲಿಸಲಿಲ್ಲ, ಇನ್ನೂ ಜೋರು ಮಾಡಿದರು. ನಾನೂ ಹಟಕ್ಕೆ ಬಿದ್ದು ಏಳನೇ ಫ್ರೆಟ್‌ಗೆ ಏರಿದೆ. ಅದನ್ನು ಯಾರೂ ಕಲಿಸಿರಲಿಲ್ಲ! ಎಣಿಕೆ ಕೈಬಿಟ್ಟು ಹೋಯಿತು. ಕೆಳಗೆ ಹನ್ನೆರಡು ದನಿಗಳ ಷಡ್ಜ ಗಟ್ಟಿಯಾಗಿ ನಿಂತಿದೆ, ಮೇಲೆ ನಾನೊಬ್ಬನೇ ಎಲ್ಲೆಲ್ಲೋ ಅಲೆಯುತ್ತಿದ್ದೇನೆ, ಒಂದು ಚೂರೂ ಭಯವಿಲ್ಲ. ಅಷ್ಟು ಸುಖ ನನಗೆ ಯಾವತ್ತೂ ಆದದ್ದಿಲ್ಲ. ಸಾಕು ಅನ್ನಿಸಿದಾಗ ನಾನಾಗಿಯೇ ಇಳಿದು ಬಂದು ಅವರ ಸ್ವರದ ಮೇಲೆ ನಿಂತೆ. ಶೈಲೇಶ ತಂತಿ ಬಿಟ್ಟು ಕುಣಿಯುತ್ತಿದ್ದ.

ಪರದೆಯ ಹಿಂದೆ ನಿಕಿತಾ ಬಂದು ಬಿಗಿಯಾಗಿ ತಬ್ಬಿಕೊಂಡಳು. "ಇಪ್ಪತ್ನಾಲ್ಕು ಕೌಂಟ್ ಹೋದ್ರಿ, ಮಾಮಾ! ಪಾಗಲ್ ಹೋ ಕ್ಯಾ?"

ರತ್ನಾವತಿಯಕ್ಕ ಮಾತ್ರ ಮುಖ ಊದಿಸಿಕೊಂಡು ನಿಂತಿದ್ದಳು. "ಎಂತ ಮಾರಾಯ್ರೆ, ಅಷ್ಟು ಜನರ ಎದುರು ಬೈಯುದಾ?"

"ತಪ್ಪಾಯ್ತು ಅಕ್ಕ," ಎಂದೆ. ನಗು ತಡೆಯಲಾಗಲಿಲ್ಲ.

ಆಕೆ ಅತ್ತಿತ್ತ ನೋಡಿ, ಮಗಳಿಗೆ ಕೇಳಿಸದಂತೆ ಹತ್ತಿರ ಬಂದಳು.

"ಶನಿವಾರ ಭಜನೆ ಮುಗಿದ ಮೇಲೆ ನನಗೂ ಒಮ್ಮೆ ಹೊರಗೆ ಹೋಗ್ಬೇಕು," ಎಂದಳು. "ನೀವು ಸಾ ಹಿಡ್ಕೊಳ್ಳಿ. ನಾನು ಎಲ್ಲಿಗೆ ಹೋದ್ರೂ ಎಳೀಬೇಡಿ."