ಅಟ್ಟ ಏರಿದ ಮೆಲ್ಲಣ್ಣ

ಮೆಲ್ಲಣ್ಣ ಸುಮಿತ್ರಮ್ಮನ ತವರಿನ ಆಮೆ. ಹಗರೆಯಿಂದ ಹಳೇಬೀಡಿಗೆ ಮದುವಣಗಿತ್ತಿಯ ಮಡಿಲಲ್ಲೇ ಕೂತು ಬಂದದ್ದು. ಜೊತೆಗೆ ಬಂದ ಬೆಳ್ಳಿ ಸಾಮಾನೆಲ್ಲ ಯಾವ್ಯಾವುದೋ ನೆಪದಲ್ಲಿ ಕರಗಿ, ಉಳಿದದ್ದು ಇದೊಂದೇ. ಮನೆಯಲ್ಲಿ ದೇವರ ನೈವೇದ್ಯ ಆದಮೇಲೆ ಮೆಲ್ಲಣ್ಣನ ಸರದಿ: ನೆನೆಸಿದ ಕಡಲೆ, ಕೋಸಂಬರಿ, ಹಬ್ಬವಾದರೆ ಹೂರಣ. ಇಷ್ಟು ಪ್ರೀತಿ ಉಂಡ ಮೇಲೆ ಕೀಲು ಊದಿಕೊಳ್ಳದೆ ಇನ್ನೇನಾದೀತು? ಈಚೆಗೆ ಮುಂಗಾಲು ಊರಲಾರದೆ ಇಟ್ಟಲ್ಲೇ ಇದ್ದುಬಿಡುತ್ತಿತ್ತು. ಕಾಲು ಮುಟ್ಟಿದರೆ ಬುಸ್ಸೆನ್ನುತ್ತಿತ್ತು.

ಬೇಲೂರಿನ ದನದ ಡಾಕ್ಟರು, ಆಮೆ ಸಾಕುವುದು ಕಾನೂನಿಗೆ ವಿರುದ್ಧ ಎಂದು ಗದರಿ, ತಾವು ನೋಡೇ ಇಲ್ಲವೆಂದುಕೊಂಡು ಚೆನ್ನಾಗಿಯೇ ನೋಡಿದ್ದರು. "ಕೀಲುವಾತ. ಬೇಳೆಕಾಳು ಬಂದ್. ಸೊಪ್ಪು ಹಾಕಿ, ನೀರು ಕೊಡಿ, ಬೆಚ್ಚಗಿಡಿ. ಕೈಜಾರಿ ಬೀಳಿಸೀರಿ ಮತ್ತೆ! ಈ ವಯಸ್ಸಲ್ಲಿ ಒಂದು ಪೆಟ್ಟು ಬಿದ್ರೂ ಉಳಿಯಲ್ಲ."

ಅವರು ಬರೆದುಕೊಟ್ಟದ್ದು ಮನುಷ್ಯರ ಮಾತ್ರೆಯನ್ನೇ. ಚೂರು ಮಾಡಿ ಕೊಡಬೇಕು. ಅದು ಮುಗಿದಿತ್ತೆಂದು ಈ ದಿನ ಗಂಡಹೆಂಡತಿ ಮತ್ತೆ ಬೇಲೂರಿಗೆ ಬಂದಿದ್ದರು.

"ಯಾರಿಗಮ್ಮಾ ಇದು?" ಎಂದ ಔಷಧಿ ಅಂಗಡಿಯವನು.

"ನಮ್ಮ ಮನೆ ಹಿರೀಕರಿಗೆ."

"ಓಡಾಡ್ತಾರಾ?"

"ಮೊದಲೂ ಅಷ್ಟಕ್ಕಷ್ಟೇ."

ವಾಪಸು ಬಸ್ಸಿನಲ್ಲಿ ಷಡಕ್ಷರಪ್ಪ ಹೆಂಡತಿಯ ಕಡೆ ತಿರುಗಿದರು. ಮುಖದ ಮೇಲೆ ಉಪಕಾರ ಮಾಡಿದವರ ಕಳೆ. "ಬೆಚ್ಚಗಿಡಿ ಅಂದ್ರಲ್ಲ, ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಮೆಲ್ಲಣ್ಣನ್ನ ಅಟ್ಟದ ಮೇಲೆ ಇಟ್ಟು ಬಂದೆ ಕಣೇ. ಹೆಂಚಿನ ಕೆಳಗೆ, ಕಾಯಿ ಮಧ್ಯೆ. ಅಂಥಾ ಜಾಗ ಮನೇಲಿ ಇನ್ನೊಂದಿಲ್ಲ."

ಸುಮಿತ್ರಮ್ಮ ಸೀಟಿನಿಂದ ಅರ್ಧ ಎದ್ದರು. "ರೀ, ಇವತ್ತು ಕಾಯಿ ಇಳಿಸೋಕೆ ಸಣ್ಣಯ್ಯಂಗೆ ಹೇಳಿದ್ದೀರಲ್ರೀ!"

ಬೀಗದ ಕೈಯನ್ನೂ ಷಡಕ್ಷರಪ್ಪನವರೇ ಕೊಟ್ಟು ಬಂದಿದ್ದರು.

ಕೊಬ್ಬರಿಗೆಂದು ವರ್ಷವಿಡೀ ಒಣಗಿಸಿದ ಕಾಯಿಯನ್ನು ಅಟ್ಟದ ಕತ್ತಲಲ್ಲಿ ಕೈಯಾಡಿಸಿ ಎತ್ತುತ್ತಾರೆ, ಅಂಗಳಕ್ಕೆ ಎಸೆಯುತ್ತಾರೆ. ಅಲ್ಲಿ ಸಿಪ್ಪೆಗೆ ಸಲಾಕೆ, ಕರಟಕ್ಕೆ ಮಚ್ಚು. ಓಡಲಾಗದ ಪ್ರಾಣಿ, ಹೆದರಿದರೆ ತಲೆ, ಕಾಲು ಎಲ್ಲವನ್ನೂ ಒಳಗೆಳೆದುಕೊಂಡು ಥೇಟ್ ಕಾಯಿಯೇ ಆಗಿಬಿಡುತ್ತದೆ. ಸುಮಿತ್ರಮ್ಮ ಮಾತ್ರೆಯ ಪೊಟ್ಟಣವನ್ನು ಹಿಂಡಿ ಹಿಡಿದರು. ಬಸ್ಸೋ, ಕೈ ಎತ್ತಿದವರಿಗೆಲ್ಲ ನಿಲ್ಲುತ್ತಿತ್ತು. ಹಗರೆಯಲ್ಲಿ ಹಾಲಿನ ಕ್ಯಾನು ಏರಿಸುವಾಗ ಸೋದರತ್ತೆ ಮುತ್ತಮ್ಮ ಕಿಟಕಿಗೇ ಬಂದರು. "ಏನೇ ಸುಮಿತ್ರಾ, ಮೆಲ್ಲಣ್ಣ ಹೆಂಗವ್ನೆ?"

"ಬೆಚ್ಚಗಿದ್ದಾನೆ," ಎಂದರು ಷಡಕ್ಷರಪ್ಪ.

ಮನೆ ಇನ್ನೂ ಕಾಣುವ ಮೊದಲೇ ಸದ್ದು ಕೇಳಿಸಿತು. ದಬ್. ದಬ್. ಸುಮಿತ್ರಮ್ಮ ಸೆರಗು ಬಿಗಿದು ಓಡಿದರು. ಅಂಗಳದ ತುಂಬ ಕಾಯಿ. ಮೊಣಕಾಲೂರಿ ಎರಡೂ ಕೈಯಿಂದ ಕೆದಕಿದರು. ಬೆರಳಿಗೆ ಏನೋ ಒದ್ದೆ ತಗುಲಿ ಜೀವ ಹಾರಿತು. ಪೂರ್ತಿ ಒಣಗದೆ, ಬಿದ್ದು ಒಡೆದ ಕಾಯಿಯ ನೀರು.

"ನಿಲ್ಲಿಸೋ ಸಣ್ಣಯ್ಯಾ! ಆಮೆ ಕಣೋ, ಆಮೆ!"

ಅಟ್ಟದಿಂದ ಮಸಿ ಮೆತ್ತಿದ ಮುಖವೊಂದು ಇಣುಕಿತು. "ಅಟ್ಟದ ಮ್ಯಾಲೆ ಆಮೆ ಯಾಕ್ ಬತ್ತದೆ ಅಮ್ಮಾರೇ?"

ಉತ್ತರ ಹೇಳಬೇಕಾದವರು ಬಾಗಿಲಲ್ಲಿ ಚಪ್ಪಲಿ ಬಿಡುವುದರಲ್ಲೇ ಮಗ್ನರಾಗಿದ್ದರು.

"ದುಂಡಗೆ, ಗಟ್ಟಿಯಾಗಿ ಏನಾದ್ರೂ ಸಿಕ್ತೇನೋ?"

"ಇಲ್ಲಿರಾದೆಲ್ಲ ದುಂಡಗೆ ಗಟ್ಟೀನೇ ಐತೆ. ಆಂ... ಒಂದು ಮಾತ್ರ ಅಲ್ಲಾಡ್ಸುದ್ರೆ ಕೊಬ್ರಿ ಗಡಗಡ ಅನ್ನಲಿಲ್ಲ, ನೀರೂ ಕುಲುಕಲಿಲ್ಲ. ಕೆಟ್ಟೋದ ಕಾಯಿ ಅಂತ ಮೂಲೆಗೆ ತಳ್ಳಿವ್ನಿ."

ಅಲ್ಲಾಡಿಸಿ ಸದ್ದು ಕೇಳದೆ ಸಣ್ಣಯ್ಯ ಒಂದು ಕಾಯಿಯನ್ನೂ ಎಸೆಯುವವನಲ್ಲ.

ಸಣ್ಣಯ್ಯನನ್ನು ಕೆಳಗಿಳಿಸಿ ಸುಮಿತ್ರಮ್ಮ ತಾವೇ ಏಣಿ ಹತ್ತಿದರು. ಮೂಲೆಯಲ್ಲಿ ಮೆಲ್ಲಣ್ಣ ಅಂಗಾತ ಬಿದ್ದಿತ್ತು. ತಲೆಯಿಲ್ಲ, ಕಾಲಿಲ್ಲ, ಬರೀ ಚಿಪ್ಪು. ನೋಯುವ ಕೀಲುಗಳನ್ನು ಹಾಗೆ ಕುಲುಕಿದರೆ ಪ್ರಾಣ ಉಳಿದೀತೇ? ಮೆಲ್ಲಗೆ ಎತ್ತಿ, ಅಲ್ಲಾಡಿಸದೆ, ಕಿವಿಗೆ ಹಿಡಿದರು. ಏನೂ ಇಲ್ಲ. ಕೆಳಗೆ ಸಣ್ಣಯ್ಯ ಕೆಮ್ಮಿದ. ಮತ್ತೂ ಏನೂ ಇಲ್ಲ.

ಆಮೇಲೆ, ತೀರಾ ಬೇಸತ್ತ ಮುದುಕನಂತೆ: ಬುಸ್.

"ಏನಂತೆ?" ಎಂದರು ಷಡಕ್ಷರಪ್ಪ, ಏಣಿಯ ಬುಡದಿಂದ.

"ನಿಮ್ಮನ್ನೂ ಒಂದ್ಸಲ ಅಲ್ಲಾಡಿಸಿ ನೋಡ್ಬೇಕಂತೆ."

ಇಳಿಸಿಕೊಳ್ಳಲು ಸಣ್ಣಯ್ಯ ಕೈ ಚಾಚಿದ. ಸುಮಿತ್ರಮ್ಮ ಕೊಡಲಿಲ್ಲ. ತಾವೇ ಇಳಿಯೋಣವೆಂದರೆ ಕೈಕಾಲಿನ ನಡುಕ ನಿಂತಿರಲಿಲ್ಲ. ಮೆಲ್ಲಣ್ಣನನ್ನು ಮಡಿಲಲ್ಲಿಟ್ಟುಕೊಂಡು, ನಡುಕ ನಿಲ್ಲುವ ತನಕ ಕಾಯಿಗಳ ಮಧ್ಯೆಯೇ ಕೂತರು.