ಘಟ್ಟದ ಮಣ್ಣು

ದಸರೆಯ ಆರನೆಯ ದಿನ. ಮೊದಲ ದಿನ ಮಣ್ಣು ತುಂಬಿ, ಕಾಳು ಬಿತ್ತಿ ದೇವಿಯ ಮುಂದೆ ಇಟ್ಟ ಘಟ್ಟದ ಬುಟ್ಟಿಯಲ್ಲಿ ಇಷ್ಟೊತ್ತಿಗೆ ಸಸಿ ನೆಟ್ಟಗೆ ನಿಂತಿರಬೇಕಿತ್ತು. ಬಿತ್ತಿದ ಕಾಳಿನಲ್ಲಿ ಅರ್ಧ ಏಳಲೇ ಇಲ್ಲ, ಎದ್ದವೂ ಹಳದಿಗಟ್ಟಿ ತಲೆಬಾಗಿದ್ದವು. ದೇವಿ ಮುನಿದಳೆಂದು ದ್ಯಾಮಕ್ಕ ಎರಡು ದಿನದಿಂದ ಬರೀ ನೀರು ಕುಡಿದು ಕೂತಿದ್ದಳು. ಮೊದಲೇ ದುಡಿದು ಸೋತ ಜೀವ, ಈಗ ಏಳುವುದಕ್ಕೂ ಆಗುತ್ತಿರಲಿಲ್ಲ.

"ಹಬ್ಬ ಮುಗದ ಮ್ಯಾಲೆ ಕೊಟ್ಟೂರಿಂದ ಜೆಸಿಬಿ ಬರತೈತಿ," ಎಂದ ಗಂಡ ಮೈಲಪ್ಪ. "ಗುಡ್ಡದ ಬುಡದ ನಮ್ಮ ಕುರುಚಲು ಕಾಡು ತೆಗಿಸಿ ಅಲ್ಲೂ ನೀಲಗಿರಿ ಹಚ್ಚಿಬಿಡೋಣ. ದುಡಿಯಾಕ ನಮಗೂ ಕೈಲಾಗವಲ್ದು, ಅದಾದ್ರ ತಾನಾ ಬೆಳದು ರೊಕ್ಕ ಕೊಡತೈತಿ."

ಅಷ್ಟರಲ್ಲಿ ಪಕ್ಕದ ಮನೆಯ ಸೌಭಾಗ್ಯ ಬಂದಳು. ಮಹಿಳಾ ಸಂಘದ ಕಡೆಯಿಂದ ರೈತರಿಗೆ ಬೇಸಾಯದ ಸಲಹೆ ಕೊಡುವ ಕೃಷಿ ಸಖಿ ಅವಳು, ಮಣ್ಣು ಕಂಡರೆ ಮೂಸಿ ನೋಡದೆ ಬಿಡುವವಳಲ್ಲ. "ಯಕ್ಕಾ, ಘಟ್ಟಕ್ಕ ಮಣ್ಣು ಎಲ್ಲಿಂದ ತಂದಿ?"

ದ್ಯಾಮಕ್ಕ ತಲೆ ತಗ್ಗಿಸಿದಳು. ಕುರುಚಲಿನ ಕಮರದ ಮರದ ಬುಡದಿಂದಲೇ ತರುವುದು ಅತ್ತೆ ಕಾಲದ ಪದ್ಧತಿ. "ಈ ಸಲ ಮೊಣಕಾಲು ಕೇಳಲಿಲ್ಲವ್ವ. ಹತ್ರ ಐತಂತ ನಮ್ಮ ನೀಲಗಿರಿ ತೋಪಿನಾಗ ಕೆರಕೊಂಡು ಬಂದೆ. ಅದಕ್ಕ ತಾಯಿ ಸಿಟ್ಟಾದ್ಲು."

"ತಾಯಿ ಸಿಟ್ಟಾಗಿಲ್ಲ, ಮಣ್ಣು ಸೊರಗೈತಿ. ನಾ ಬಿತ್ತಿದ್ದೂ ನಿಮ್ಮನಿ ಕಾಳೇ. ಮಣ್ಣು ಮಾತ್ರ ನಿಮ್ಮ ಕುರುಚಲಿಂದು. ಬಂದು ನೋಡು ಮಾವ."

"ಗಿಡ ಅಂದ್ರ ಗಿಡಾನ. ಅದೂ ಹಸರು, ಇದೂ ಹಸರು," ಎಂದು ಗೊಣಗುತ್ತಲೇ ಮೈಲಪ್ಪ ಹೋದ. ಸೌಭಾಗ್ಯಳ ಘಟ್ಟದಲ್ಲಿ ಸಸಿ ಒತ್ತಾಗಿ, ಬೆರಳುದ್ದ ನಿಂತಿತ್ತು. ಮಿಕ್ಕ ಮಣ್ಣು ಮೂಲೆಯ ಬಕೆಟ್ಟಿನಲ್ಲಿತ್ತು. ಒಂದು ಹಿಡಿ ತೆಗೆದ. ಕಪ್ಪಗೆ, ತಂಪಾಗಿತ್ತು, ಎರೆಹುಳವೊಂದು ಬೆರಳ ಸಂದಿಯಲ್ಲಿ ಹೊರಳಿತು.

"ಕಾಡಿನಾಗ ಹತ್ತು ಜಾತಿ ಎಲಿ ಬೀಳತಾವು, ಹುಳ ತಿಂದು ಗೊಬ್ಬರ ಮಾಡತಾವು," ಎಂದಳು ಸೌಭಾಗ್ಯ. "ನೀಲಗಿರಿ ಎಲಿ ಬೇಗ ಕೊಳಿಯಂಗಿಲ್ಲ, ಬ್ಯಾರೆ ಸಸಿ ಏಳಾಕೂ ಬಿಡಂಗಿಲ್ಲ. ಅದರ ಮ್ಯಾಲೆ, ಮರ ಕಡದು ಹೇರಿದಾಗೆಲ್ಲ ಮಣ್ಣಿನ ಸತ್ವಾನೂ ಲಾರಿ ಹತ್ತತೈತಿ."

"ಹಂಗಾರ ಆ ತೋಪಿನ ಗತಿ?"

"ಕಡದ ಮ್ಯಾಲೆ ಬೇವು, ಹೊಂಗಿ, ನೆಲ್ಲಿ ಕೂಡಿಸಿ ಹಚ್ರಿ. ಬಿದ್ದ ಎಲಿ ಸುಡಬ್ಯಾಡ್ರಿ. ಮಣ್ಣು ಸುಧಾರಿಸಾಕ ವರ್ಷಗಟ್ಟಲೆ ಹಿಡಿತೈತಿ. ಇರೋ ಕಾಡನ್ನಾರ ಉಳಿಸ್ಕೊಳ್ರಿ."

ಮೈಲಪ್ಪ ಮನೆಗೆ ಬಂದು ಜೆಸಿಬಿಯವನಿಗೆ ಫೋನ್ ಮಾಡಿ, "ಬರಬ್ಯಾಡಪ್ಪ," ಎಂದಷ್ಟೇ ಹೇಳಿದ. ಆಮೇಲೆ ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ತಪ್ಪು ನಿಂದಲ್ಲ. ಆ ತೋಪು ಹಚ್ಚಿದವ ನಾನು. ಏಳು, ಒಂದು ರೊಟ್ಟಿ ತಿನ್ನು."

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮಾತನ್ನು ಸುಮ್ಮನೆ ನಂಬಬೇಡಿ. ನಿಮ್ಮೂರ ಕಾಡಿನಿಂದ ಒಂದು ಬುಟ್ಟಿ, ನೀಲಗಿರಿ ತೋಪಿನಿಂದ ಒಂದು ಬುಟ್ಟಿ ಮಣ್ಣು ತನ್ನಿ. ಎರಡರಲ್ಲೂ ಒಂದೇ ಕಾಳು ಬಿತ್ತಿ ಒಂಬತ್ತು ದಿನ ಕಾಯಿರಿ. ಜೆಸಿಬಿಗೆ ಹೇಳುವುದು ಆಮೇಲೆ.